ಯೋಗ ಕ್ಲಾಸ್‌ನಲ್ಲಿ ಮುಟ್ಟಿ ಸರಿಪಡಿಸುವುದು: ಸದಸ್ಯರ ಪ್ರಶ್ನೆ, ಯೋಗ ಶಿಕ್ಷಕಿಯ ಉತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಹೊಸದಾಗಿ ಯೋಗ ಕ್ಲಾಸ್‌ಗೆ ಸೇರಿದ್ದೇನೆ. ಪಶ್ಚಿಮೋತ್ತಾನಾಸನದಲ್ಲಿ ಕಾಲು ಚಾಚಿ ಮುಂದಕ್ಕೆ ಬಗ್ಗಿದಾಗ ಸರ್ ಹಿಂದಿನಿಂದ ಬಂದು ಬೆನ್ನ ಮೇಲೆ ಎರಡೂ ಕೈ ಇಟ್ಟು ಒತ್ತುತ್ತಾರೆ. ಹೇಳುವುದೂ ಇಲ್ಲ, ಕೇಳುವುದೂ ಇಲ್ಲ. ಹಣೆ ಮಂಡಿಗೆ ತಾಗಲೇಬೇಕಂತೆ. ಈಗ ಕುರ್ಚಿಯಲ್ಲಿ ಕೂತರೆ ಎಡಗಡೆ, ಕೂರುವ ಮೂಳೆಯ ಹತ್ತಿರ ನೋವು. ಬೇರೆಯವರೆಲ್ಲ ಸುಮ್ನೆ ಒತ್ತಿಸಿಕೊಳ್ಳುತ್ತಾರೆ. ನನಗೆ ಮಾತ್ರ ಯಾಕೆ ಹೀಗೆ?

ಉತ್ತರ: ನಿಮ್ಮಲ್ಲಿ ಏನೂ ಕೊರತೆ ಇಲ್ಲ. ಕ್ಲಾಸ್‌ನಲ್ಲಿ ಹಾಗೆ ಒತ್ತಬಾರದಿತ್ತು, ಅಷ್ಟೇ.

ಅಲ್ಲಿ ಏನಾಗುತ್ತದೆ ಹೇಳುತ್ತೇನೆ. ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳು ಬಹುಪಾಲು ಕೂರುವ ಮೂಳೆಯಿಂದ ಶುರುವಾಗಿ ಮಂಡಿಯ ಕೆಳಗಿನವರೆಗೆ ಹೋಗುತ್ತವೆ. ಕಾಲು ನೇರ ಚಾಚಿ ಬಗ್ಗಿದಾಗ ಅವು ಆಗಲೇ ಪೂರ್ತಿ ಎಳೆದುಕೊಂಡಿರುತ್ತವೆ. ಆಗ ಮೇಲಿಂದ ದಿಢೀರನೆ ಭಾರ ಬಿದ್ದರೆ ಸ್ನಾಯು ತನ್ನನ್ನು ಉಳಿಸಿಕೊಳ್ಳಲು ತಾನಾಗಿಯೇ ಬಿಗಿಯಾಗುತ್ತದೆ. ಒಂದು ಕಡೆ ಅದು ಬಿಗಿಯುತ್ತಿದೆ, ಇನ್ನೊಂದು ಕಡೆ ಟೀಚರ್ ಎಳೆಸುತ್ತಿದ್ದಾರೆ. ಈ ಜಗ್ಗಾಟದ ಪೆಟ್ಟು ಸ್ನಾಯು ಮೂಳೆಗೆ ಅಂಟಿಕೊಂಡ ಜಾಗಕ್ಕೆ ಬೀಳುತ್ತದೆ. ಕೂತಾಗ ಸರಿಯಾಗಿ ಅಲ್ಲೇ ನೋಯುತ್ತದೆ ಅಂದರೆ ನನಗೆ ಮೊದಲು ಬರುವ ಅನುಮಾನ ಅದೇ. ಆ ಭಾಗಕ್ಕೆ ರಕ್ತ ಸಂಚಾರ ಕಡಿಮೆ. ವಾಸಿಯಾಗಲು ತಿಂಗಳುಗಟ್ಟಲೆ ಹಿಡಿಯಬಹುದು.

ಸದ್ಯಕ್ಕೆ ಮುಂದೆ ಬಗ್ಗುವ ಆಸನಗಳನ್ನು ನಿಲ್ಲಿಸಿ. 'ಎಳೆದರೆ ಸಡಿಲ ಆಗುತ್ತೆ' ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಎಳೆದಷ್ಟೂ ಕೆರಳುತ್ತದೆ. ಒಬ್ಬ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಕಾಲಿಗೆ ಜುಮ್ಮು, ಮರಗಟ್ಟಿದ ಹಾಗೆ ಅನಿಸುವುದು, ಶಕ್ತಿ ಇಲ್ಲದಂತಾಗುವುದು ಇದ್ದರೆ ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ.

ಹಣೆ ಮಂಡಿಗೆ ತಾಗುವ ವಿಷಯ ಬಿಟ್ಟುಬಿಡಿ. ಕೆಲವರ ಕಾಲು ಉದ್ದ, ಕೆಲವರ ಮುಂಡ ಉದ್ದ. ಸೊಂಟದ ಕೀಲಿನ ಗುಣಿ ಒಬ್ಬೊಬ್ಬರದು ಒಂದೊಂದು ಆಕಾರ. ಮೂಳೆಗೆ ಮೂಳೆ ತಾಗಿ ನಿಂತ ಮೇಲೆ ಎಷ್ಟು ಒತ್ತಿದರೂ ಅದು ಮುಂದೆ ಹೋಗುವುದಿಲ್ಲ. ಹೋದ ಹಾಗೆ ಕಂಡರೆ ಸೊಂಟದ ಬದಲು ಬೆನ್ನು ಗೂನಾಗಿ ಬಾಗಿರುತ್ತದೆ.

ಅದೇ ಸದಸ್ಯೆ: ಅರ್ಥ ಆಯ್ತು ಮೇಡಂ. ಆದರೆ ಸರ್‌ಗೆ ಹೇಗೆ ಹೇಳೋದು? ಬೇಜಾರು ಮಾಡಿಕೊಂಡರೆ?

ಉತ್ತರ: ಆಸನದ ಮಧ್ಯೆ ಹೇಳಲು ಹೋಗಬೇಡಿ, ಆಗ ಉಸಿರು ಕಟ್ಟಿರುತ್ತದೆ, ಮಾತು ಬರುವುದಿಲ್ಲ. ಕ್ಲಾಸ್ ಶುರುವಾಗುವ ಮೊದಲು ಹೋಗಿ, 'ಸರ್, ನನಗೆ ಇನ್ನು ಮುಂದೆ ಕೈ ಹಾಕಿ ಸರಿಪಡಿಸಬೇಡಿ, ಬಾಯಲ್ಲಿ ಹೇಳಿ, ನಾನು ಮಾಡುತ್ತೇನೆ' ಅನ್ನಿ. ಕಾರಣ ಕೊಡಬೇಕಾಗಿಲ್ಲ. ಒಳ್ಳೆಯ ಟೀಚರ್ ಆದರೆ 'ಸರಿಮ್ಮಾ' ಅಂತ ಅಲ್ಲಿಗೇ ಬಿಡುತ್ತಾರೆ. ಯಾಕೆ, ಏನು ಅಂತ ಕೆದಕಿದರೆ ಅಥವಾ ಎಲ್ಲರ ಮುಂದೆ ಆಡಿಕೊಂಡರೆ ಬೇರೆ ಕ್ಲಾಸ್ ಹುಡುಕಿಕೊಳ್ಳಿ.

ಇನ್ನೊಬ್ಬ ಸದಸ್ಯರು: ಮೇಡಂ, ತಪ್ಪು ತಿಳಿಯಬೇಡಿ. ನಮಗೆಲ್ಲ ಗುರುಗಳು ಬೆನ್ನ ಮೇಲೆ ಕೂತು ಬಗ್ಗಿಸಿಯೇ ಕಲಿಸಿದ್ದು. ಅವರ ಕೈ ಬೀಳದಿದ್ದರೆ ನಾವು ಬಗ್ಗುತ್ತಲೇ ಇರಲಿಲ್ಲ. ಈಗಿನವರು ಎಲ್ಲಕ್ಕೂ ಅನುಮತಿ ಅಂತಾರೆ. ಇದರಿಂದ ಗುರು-ಶಿಷ್ಯ ಸಂಬಂಧವೇ ಹಾಳಾಗುವುದಿಲ್ವಾ?

ಉತ್ತರ: ಸರ್, ನಿಮ್ಮ ಗುರುಗಳ ಮೇಲಿನ ಗೌರವ ಅರ್ಥವಾಗುತ್ತದೆ. ಆ ಪದ್ಧತಿ ಎಲ್ಲಿಂದ ಬಂತು ಅಂತ ನೋಡೋಣ. 1930ರ ದಶಕದಲ್ಲಿ ಮೈಸೂರು ಅರಮನೆಯ ಆಶ್ರಯದ ಯೋಗಶಾಲೆಯಲ್ಲಿ ಟಿ. ಕೃಷ್ಣಮಾಚಾರ್ಯರು ಕಲಿಸುತ್ತಿದ್ದರು. ಶಿಷ್ಯರಲ್ಲಿ ಹೆಚ್ಚಿನವರು ಎಳೆಯ ಹುಡುಗರು. ಮುಂದೆ ದೇಶವಿದೇಶಗಳಲ್ಲಿ ಹೆಸರಾದ ಯೋಗ ಗುರುಗಳು ಪಟ್ಟಾಭಿ ಜೋಯಿಸ್, ಬಿ.ಕೆ.ಎಸ್. ಅಯ್ಯಂಗಾರ್ ಇಬ್ಬರೂ ಅವರ ಶಿಷ್ಯರೇ. ಇಂದು ನಾವು ನೋಡುವ ಗಟ್ಟಿ ಕೈಯ ಪಾಠ ಜಗತ್ತಿಗೆ ಹಬ್ಬಿದ್ದರಲ್ಲಿ ಈ ಪರಂಪರೆಯ ಪಾಲು ದೊಡ್ಡದು. ಆದರೆ ಇಂದಿನ ಕ್ಲಾಸ್‌ನಲ್ಲಿ ದಿನವಿಡೀ ಕುರ್ಚಿಯಲ್ಲಿ ಕೂರುವವರು, ಹೆರಿಗೆಯಾದವರು, ಅರವತ್ತು ದಾಟಿದವರು ಒಟ್ಟಿಗೆ ಇರುತ್ತಾರೆ. ಹುಡುಗರಿಗೆ ಹೊಂದಿದ್ದು ಇವರಿಗೆಲ್ಲ ಹೇಗೆ ಹೊಂದುತ್ತದೆ? ಮೂಳೆ ಸವೆದವರನ್ನು ಮುಂದೆ ಬಗ್ಗಿಸಿ ಒತ್ತಿದರೆ ಬೆನ್ನಿನ ಮಣಿಗಳೇ ಕುಸಿಯಬಹುದು.

ಅದೇ ಅಯ್ಯಂಗಾರರ ಕೈ ಬಿರುಸು ಅಂತ ಹೆಸರಾಗಿತ್ತು, ಆದರೂ ಬೆಲ್ಟ್, ಇಟ್ಟಿಗೆಯಾಕಾರದ ಬ್ಲಾಕ್, ಕುರ್ಚಿ, ಹಗ್ಗ ಇವನ್ನು ಯೋಗದ ಪಾಠದಲ್ಲಿ ವ್ಯಾಪಕವಾಗಿ ಬಳಕೆಗೆ ತಂದವರೂ ಅವರೇ. ದೇಹಕ್ಕೆ ಆಸರೆ ಕೊಟ್ಟರೆ ಅದು ತಾನಾಗಿ ಹೋಗುವಷ್ಟು ಹೋಗುತ್ತದೆ. ಪರಂಪರೆಯಿಂದ ನಾನು ಎತ್ತಿಕೊಂಡಿರುವುದು ಈ ಪಾಠವನ್ನು.

ಇನ್ನೊಂದನ್ನೂ ಹೇಳಲೇಬೇಕು. ಪಟ್ಟಾಭಿ ಜೋಯಿಸ್ 2009ರಲ್ಲಿ ತೀರಿಕೊಂಡರು. ಅಡ್ಜಸ್ಟ್‌ಮೆಂಟ್, ಅಂದರೆ ಕೈ ಹಾಕಿ ಆಸನ ಸರಿಪಡಿಸುವ ಹೆಸರಿನಲ್ಲಿ ಅವರು ತಮ್ಮನ್ನು ಮುಟ್ಟಬಾರದ ರೀತಿ ಮುಟ್ಟಿದರು ಅಂತ ಹಲವು ಶಿಷ್ಯೆಯರು ಆಮೇಲೆ ಬಹಿರಂಗವಾಗಿ ಹೇಳಿದರು. 2019ರಲ್ಲಿ ಅವರ ಮೊಮ್ಮಗ ಶರತ್ ಜೋಯಿಸ್, ತಾನೂ ಅಂಥದ್ದನ್ನು ಕಂಡಿದ್ದೆ ಅಂತ ಬರೆದು ಕ್ಷಮೆ ಕೇಳಿದರು. ಆ ಶಿಷ್ಯೆಯರೂ ಗುರುವನ್ನು ನಂಬಿಯೇ ಬಂದವರು. ಕೇಳಿ ಮುಟ್ಟುವುದರಿಂದ ಗುರು-ಶಿಷ್ಯ ಸಂಬಂಧ ಹಾಳಾಗುವುದಿಲ್ಲ ಸರ್. ಹಾಳಾದದ್ದು ಕೇಳದೆ ಮುಟ್ಟಿದ್ದರಿಂದ.

ಪ್ರಶ್ನೆ: ನಾನು ಗಂಡಸು, ಯೋಗ ಟೀಚರ್. ಕ್ಲಾಸ್‌ಗೆ ಬರುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಇದನ್ನೆಲ್ಲ ಓದಿದರೆ ಯಾರನ್ನೂ ಮುಟ್ಟುವುದೇ ಬೇಡ ಅನಿಸುತ್ತದೆ. ಪೂರ್ತಿ ನಿಲ್ಲಿಸಿಬಿಡಲಾ? ಹಾಗಾದರೆ ತಪ್ಪು ಮಾಡುವವರನ್ನು ತಿದ್ದುವುದು ಹೇಗೆ?

ಉತ್ತರ: ಪೂರ್ತಿ ನಿಲ್ಲಿಸಿದರೂ ನಿಮ್ಮ ಪಾಠ ಕೆಡುವುದಿಲ್ಲ, ಬಹುಶಃ ಇನ್ನೂ ಚೆನ್ನಾಗುತ್ತದೆ. ಮುಟ್ಟದೆ ತಿದ್ದಬೇಕಾದರೆ ಮಾತು ಹರಿತವಾಗಲೇಬೇಕು.

ಒಂದು ಉದಾಹರಣೆ. ಅಧೋಮುಖ ಶ್ವಾನಾಸನದಲ್ಲಿ, ಅಂದರೆ ಕೈ ಕಾಲು ನೆಲಕ್ಕೂರಿ ಸೊಂಟ ಮೇಲೆತ್ತಿ ನಿಲ್ಲುವ ಆಸನದಲ್ಲಿ, ಬೆನ್ನು ಗೂನಾದರೆ ಹಲವರು ಹಿಂದೆ ನಿಂತು ಸೊಂಟ ಹಿಡಿದು ಎಳೆಯುತ್ತಾರೆ. ತಲೆ ಕೆಳಗಾಗಿ ನಿಂತವರಿಗೆ ಹಿಂದೆ ಯಾರಿದ್ದಾರೆ ಅನ್ನುವುದೂ ಸರಿಯಾಗಿ ಕಾಣುವುದಿಲ್ಲ. ಅದರ ಬದಲು, 'ಮಂಡಿ ಮಡಿಸಿ, ಹಿಮ್ಮಡಿ ಎತ್ತಿ, ಈಗ ಅಂಗೈಯಿಂದ ನೆಲವನ್ನು ದೂರ ತಳ್ಳಿ' ಅನ್ನಿ. ಹ್ಯಾಮ್‌ಸ್ಟ್ರಿಂಗ್ ಸಡಿಲವಾದ ಕೂಡಲೇ ಬೆನ್ನು ತಾನೇ ಉದ್ದವಾಗುತ್ತದೆ. ವೀರಭದ್ರಾಸನದಲ್ಲಿ ಚಾಚಿದ ತೋಳು ಸೋತು ಇಳಿದಿದ್ದರೆ ಅದನ್ನು ಹಿಡಿದೆತ್ತಬೇಡಿ. ಬೆರಳ ತುದಿಯಿಂದ ನಾಲ್ಕು ಅಂಗುಲ ಮುಂದೆ ನಿಮ್ಮ ಅಂಗೈ ಒಡ್ಡಿ, 'ಇಲ್ಲಿಗೆ ಮುಟ್ಟಿಸಿ' ಅನ್ನಿ. ಮುಟ್ಟಲು ಬರುವವರು ಅವರು, ನೀವಲ್ಲ. ತೋಳು, ಭುಜ, ಎದೆಗೂಡು ಎಲ್ಲ ಎಚ್ಚೆತ್ತುಕೊಳ್ಳುವುದನ್ನು ನೀವೇ ನೋಡುತ್ತೀರಿ. ನನಗೆ ತುಂಬ ಇಷ್ಟದ ಉಪಾಯ ಇದು.

ಮುಟ್ಟಲೇಬೇಕು ಅನಿಸಿದರೆ ಎದುರಿಗೆ ಬಂದು, ಎಲ್ಲಿ, ಯಾಕೆ ಅಂತ ಹೇಳಿ ಕೇಳಿ. 'ನಿಮ್ಮ ಬಲ ಭುಜದ ಹಿಂದೆ ಕೈ ಇಡಲಾ? ಅದು ಕಿವಿಯ ಕಡೆ ಏರಿದೆ.' 'ಅಡ್ಜಸ್ಟ್ ಮಾಡಲಾ' ಅಂತ ಮೊಟಕಾಗಿ ಕೇಳಿದರೆ ಅವರಿಗೆ ಏನು ಗೊತ್ತಾಗಬೇಕು? ಉತ್ತರ ತಡವಾಗಿ ಬಂದರೆ, ಅಥವಾ ಅರೆಮನಸ್ಸಿನ 'ಹೂಂ' ಬಂದರೆ, ಮುಟ್ಟಬೇಡಿ. ಕೈ ಇಡುವುದಾದರೆ ಭುಜದ ಹೊರಭಾಗ, ಮೊಣಕೈ, ಹಿಮ್ಮಡಿ, ಪಾದ ಸಾಕು. ಎದೆ, ಹೊಟ್ಟೆ, ಒಳತೊಡೆ, ಪೃಷ್ಠದ ಹತ್ತಿರ ಕೈ ಹೋಗಬೇಕಾದ ಕಾರಣ ಗ್ರೂಪ್ ಕ್ಲಾಸ್‌ನಲ್ಲಿ ಯಾವತ್ತೂ ಇಲ್ಲ. ಒತ್ತಬೇಡಿ, ದಿಕ್ಕು ತೋರಿಸಿ ಕೈ ತೆಗೆಯಿರಿ.

'ಮುಟ್ಟುವುದು ಬೇಡದವರು ಕೈ ಎತ್ತಿ' ಅಂತ ಎಲ್ಲರ ಮುಂದೆ ಕೇಳಬೇಡಿ, ಸಂಕೋಚಕ್ಕೆ ಯಾರೂ ಎತ್ತುವುದಿಲ್ಲ. ಕೆಲವು ಕಡೆ ಎರಡು ಬಣ್ಣದ ಬಿಲ್ಲೆ ಕೊಡುತ್ತಾರೆ, ಒಂದು ಬದಿಯ ಬಣ್ಣ 'ಮುಟ್ಟಬಹುದು', ಇನ್ನೊಂದು ಬದಿಯದು 'ಬೇಡ'. ಅದನ್ನು ಮ್ಯಾಟ್ ತುದಿಯಲ್ಲಿಟ್ಟು ಬೇಕಾದಾಗ ತಿರುವಿ ಹಾಕಬಹುದು. ಇದು ಒಳ್ಳೆಯದೇ, ಯಾಕೆಂದರೆ ನಿನ್ನೆ ಒಪ್ಪಿದವರಿಗೆ ಇವತ್ತು ಬೇಡ ಅನಿಸಬಹುದು. ಆದರೆ ಬಿಲ್ಲೆ ಇದೆ ಅಂತ ಬಾಯಲ್ಲಿ ಕೇಳುವುದನ್ನು ಬಿಡಬೇಡಿ. ಇದೆಲ್ಲ ಹೆಂಗಸು ಟೀಚರ್‌ಗಳಿಗೂ ಅಷ್ಟೇ ಅನ್ವಯ.

ಪ್ರಶ್ನೆ: ಶವಾಸನದಲ್ಲಿ ಕಣ್ಣು ಮುಚ್ಚಿ ಮಲಗಿದ್ದಾಗ ಟೀಚರ್ ಬಂದು ತಲೆ ಎತ್ತಿ ಕುತ್ತಿಗೆ ಎಳೆಯುತ್ತಾರೆ. ಇದು ಸರಿನಾ?

ಉತ್ತರ: ಮೊದಲೇ ಕೇಳದಿದ್ದರೆ ಸರಿಯಲ್ಲ. ಅಷ್ಟು ನಿರಾಳವಾಗಿ ಮಲಗಿದವರನ್ನು ಬೆಚ್ಚಿಬೀಳಿಸಿದರೆ ಶವಾಸನ ಮುಗಿದ ಹಾಗೆಯೇ. ಸಡಿಲ ಬಿಟ್ಟ ಕುತ್ತಿಗೆಯನ್ನು ಎಳೆಯುವುದಂತೂ ಬೇಡವೇ ಬೇಡ.

ಪ್ರಶ್ನೆ: ನನಗೆ ಮಾತ್ರ ಟೀಚರ್ ಕೈ ಇದ್ದರೇ ಧೈರ್ಯ. ಅಂಗಾತ ಮಲಗಿ ಕೈಕಾಲು ಊರಿ ಬೆನ್ನನ್ನು ಕಮಾನಿನಂತೆ ಮೇಲೆತ್ತುವ ಚಕ್ರಾಸನದಲ್ಲಿ ಅವರು ಹಿಡಿಯದಿದ್ದರೆ ಏಳುವುದಕ್ಕೇ ಆಗುವುದಿಲ್ಲ. ಇದು ತಪ್ಪಾ?

ಉತ್ತರ: ಖಂಡಿತ ಇಲ್ಲಮ್ಮಾ. ಕೇಳಿ ಕೊಟ್ಟ ಕೈ ಭಯವನ್ನು ಎಷ್ಟು ಕಡಿಮೆ ಮಾಡುತ್ತದೆ ಅಂತ ನನಗೂ ಗೊತ್ತು. ಗರ್ಭಿಣಿಯಾದರೆ, ಕೀಲುಗಳು ತೀರಾ ಸಡಿಲ ಇದ್ದರೆ, ಆಪರೇಷನ್ ಆಗಿದ್ದರೆ, ಕಣ್ಣಿನ ನರಕ್ಕೆ ಹಾನಿ ಮಾಡುವ ಗ್ಲಾಕೋಮಾ ಇದ್ದರೆ ಟೀಚರ್‌ಗೆ ಮೊದಲೇ ಹೇಳಿಬಿಡಿ. ಸಡಿಲ ಕೀಲಿನವರು ಒತ್ತಿದಷ್ಟೂ ಸಲೀಸಾಗಿ ಬಗ್ಗುತ್ತಾರೆ, ನೋವು ಆಮೇಲೆ ಗೊತ್ತಾಗುತ್ತದೆ. ಟೀಚರ್ ಕೈಯಿಂದ ಧೈರ್ಯ ಬಂದ ಮೇಲೆ, ನಿಧಾನವಾಗಿ ಬೆನ್ನ ಕೆಳಗೆ ದಿಂಬು ಇಟ್ಟುಕೊಂಡು ಒಬ್ಬರೇ ಏಳುವುದನ್ನೂ ಅಭ್ಯಾಸ ಮಾಡಿ.

ಪ್ರಶ್ನೆ (ಹೆಸರು ಬೇಡ ಎಂದಿದ್ದಾರೆ): ಮೇಡಂ, ಒಂದು ಕ್ಲಾಸ್‌ನಲ್ಲಿ ಟೀಚರ್ ಕೈ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ನನ್ನ ಮೇಲೆ ಇತ್ತು. ಒಳತೊಡೆಯ ಹತ್ತಿರ. ಬೇಕೆಂದೇ ಮಾಡಿದರೋ ಇಲ್ವೋ ಗೊತ್ತಿಲ್ಲ. ಯಾರಿಗಾದರೂ ಹೇಳಿದರೆ 'ಪಾಠದ ಭಾಗ ಕಣೇ' ಅಂತಾರೇನೋ. ಆ ಜಾಗದ ಮಾಲೀಕರೂ ಅವರೇ.

ಉತ್ತರ: ಬರೆದದ್ದು ಒಳ್ಳೆಯದಾಯ್ತು. ಅವರ ಮನಸ್ಸಿನಲ್ಲಿ ಏನಿತ್ತು ಅಂತ ಕಂಡುಹಿಡಿಯುವುದು ನಿಮ್ಮ ಕೆಲಸ ಅಲ್ಲ. ಒಳತೊಡೆಗೆ ಕೈ ಹಾಕಿ ಕಲಿಸಬೇಕಾದ ಆಸನ ಯಾವುದೂ ಇಲ್ಲ. ಇದನ್ನು ಒಬ್ಬ ಟೀಚರ್ ಆಗಿ ಹೇಳುತ್ತಿದ್ದೇನೆ.

ಆ ಕ್ಲಾಸ್‌ಗೆ ಮತ್ತೆ ಹೋಗಬೇಡಿ, ಕಟ್ಟಿದ ದುಡ್ಡಿನ ಆಸೆಗೂ ಹೋಗಬೇಡಿ. ಯಾವ ದಿನ, ಯಾವ ಆಸನ, ಕೈ ಎಲ್ಲಿತ್ತು, ಪಕ್ಕದಲ್ಲಿ ಯಾರಿದ್ದರು ಅಂತ ನೆನಪಿರುವಾಗಲೇ ಬರೆದಿಡಿ. ಅವರು ಕಳಿಸಿದ ಮೆಸೇಜ್ ಇದ್ದರೆ ಅಳಿಸಬೇಡಿ. ನಂಬಿಕೆಯ ಒಬ್ಬರಿಗಾದರೂ ಇವತ್ತೇ ಹೇಳಿ. ಮಾಲೀಕರೇ ಅವರಾದ್ದರಿಂದ ಅಲ್ಲಿ ದೂರು ಕೊಟ್ಟು ಉಪಯೋಗವಿಲ್ಲ. ಅವರಿಗೆ ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಗೆ ಬರೆಯಬಹುದು, ಪೊಲೀಸರ ಹತ್ತಿರ ಹೋಗಬಹುದು. ಹೋಗುವುದೋ ಬೇಡವೋ, ಯಾವಾಗ ಅನ್ನುವುದು ನಿಮಗೆ ಬಿಟ್ಟದ್ದು. ಹೋಗುವ ಮೊದಲು ಒಬ್ಬ ವಕೀಲರನ್ನು ಕೇಳುವುದು ಒಳ್ಳೆಯದು. ನನಗೆ ನೇರವಾಗಿ ಮೆಸೇಜ್ ಮಾಡಿ, ಬರೆದಿಡುವುದಕ್ಕೆ ನಾನು ಸಹಾಯ ಮಾಡುತ್ತೇನೆ.