ಸರ್ಪಸುತ್ತು ಒಣಗಿದರೂ ಉರಿ ಹೋಗಿಲ್ಲ, ಟ್ರಮಡಾಲ್ ಮತ್ತೆ ಕೊಡಿಸಬಹುದಾ?

ತೋಟದಮನೆ:
ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಅಪ್ಪಯ್ಯನಿಗೆ 71. ಆರು ವಾರದ ಹಿಂದೆ ಬಲಗಡೆ ಪಕ್ಕೆಗೆ ಸರ್ಪಸುತ್ತು ಎದ್ದಿತ್ತು. ಹಾವಿನ ತಲೆ ಬಾಲ ಕೂಡಿದರೆ ಜೀವಕ್ಕೇ ಕುತ್ತು ಅಂತ ಅತ್ತೆ ಹೆದರಿಸಿ, ನಾಲ್ಕು ದಿನ ಕೆಮ್ಮಣ್ಣು ಹಚ್ಚುವುದರಲ್ಲೇ ಹೋಯಿತು. ಆಮೇಲೆ ಶಿವಮೊಗ್ಗದಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿದೆವು. ವೈರಸ್ ಮಾತ್ರೆ, ರಾತ್ರಿಗೆ ನರದ ನೋವಿನ ಮಾತ್ರೆ ಪ್ರೀಗಾಬಲಿನ್, ಐದು ದಿನಕ್ಕೆ ಸ್ಟ್ರಾಂಗ್ ನೋವಿನ ಮಾತ್ರೆ ಟ್ರಮಡಾಲ್ ಕೊಟ್ಟರು. ಗುಳ್ಳೆ ಒಣಗಿ ಹಕ್ಕಳೆ ಉದುರಿತು, ಉರಿ ಮಾತ್ರ ಹಾಗೇ ಇದೆ. ಬನಿಯನ್ ಸೋಕಿದರೂ ಕೆಂಡ ಇಟ್ಟ ಹಾಗಂತೆ, ಈ ಜಿಟಿಜಿಟಿ ಮಳೆಯಲ್ಲೂ ಬರಿಮೈಯಲ್ಲಿ ಜಗಲಿ ಮೇಲೆ ಕೂತಿರುತ್ತಾರೆ, ಬಲಗೈ ಮೈಗೆ ತಾಗದ ಹಾಗೆ ಎತ್ತಿಕೊಂಡು. ಪ್ರೀಗಾಬಲಿನ್ ತಲೆ ತಿರುಗುತ್ತದೆ ಅಂತ ನಾಲ್ಕೇ ದಿನಕ್ಕೆ ಬಿಟ್ಟರು. ಟ್ರಮಡಾಲ್‌ನಲ್ಲಿ ನಿದ್ದೆ ಬರುತ್ತಿತ್ತು, ಅದೇ ಬೇಕು ಅಂತಾರೆ. ಮೆಡಿಕಲ್‌ನವರು ಹಳೇ ಚೀಟಿಗೆ ಕೊಡಲ್ಲ ಅಂದರು. ಏನು ಮಾಡೋದು?

ಸಾಗರದ ಮೆಡಿಕಲ್:
ಅವರನ್ನು ಬೈಯಬೇಡಿ. ಟ್ರಮಡಾಲ್ ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲದ ಎಚ್1 ಪಟ್ಟಿಯ ಮಾತ್ರೆ. ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಅಂತ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. 2018ರಲ್ಲಿ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ ಕೆಳಗೂ ಬಂತು. ಐದು ದಿನದ ಚೀಟಿ ಅಂದರೆ ಐದೇ ದಿನ. ಯಾರೋ ಪರಿಚಯದವರ ಕೈಯಲ್ಲಿ ತರಿಸಿಕೊಳ್ಳೋಕೆ ಮಾತ್ರ ಹೋಗಬೇಡಿ.

ಚರ್ಮದ ಡಾಕ್ಟರ್:
ಅಪ್ಪಯ್ಯನ ಕಷ್ಟ ಸುಳ್ಳಲ್ಲ. ಚಿಕ್ಕವರಿದ್ದಾಗ ಬಂದ ಚಿಕನ್‌ಪಾಕ್ಸ್ ವೈರಸ್ ಬೆನ್ನುಹುರಿ ಪಕ್ಕದ ನರದ ಗಂಟಿನಲ್ಲಿ ಅಡಗಿದ್ದು, ವಯಸ್ಸಾದ ಮೇಲೆ ಅದೇ ನರದ ಉದ್ದಕ್ಕೂ ಇಳಿಯುತ್ತದೆ. ಅದಕ್ಕೇ ಒಂದೇ ಪಕ್ಕಕ್ಕೆ ಬರೋದು, ತಲೆ ಬಾಲ ಕೂಡುವ ಪ್ರಶ್ನೆಯೇ ಇಲ್ಲ ಅಂತ ಅತ್ತೆಗೆ ಹೇಳಿ. ವೈರಸ್ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದಿತ್ತು, ಇರಲಿ. ಈಗ ಉಳಿದಿರೋದು ಗಾಯದ ನೋವಲ್ಲ, ಏಟು ತಿಂದ ನರದ ನೋವು. ಇದಕ್ಕೆ ಮೊದಲು ಹಿಡಿಯುವ ಮದ್ದು ಪ್ರೀಗಾಬಲಿನ್, ಗಾಬಾಪೆಂಟಿನ್ ಅಥವಾ ಅಮಿಟ್ರಿಪ್ಟಿಲಿನ್. ಟ್ರಮಡಾಲ್ ಸಾಲಿನಲ್ಲಿ ಹಿಂದೆ, ಅದೂ ಸ್ವಲ್ಪ ದಿನಕ್ಕೆ. ಪ್ರೀಗಾಬಲಿನ್‌ಗೆ ಒಂದೆರಡು ವಾರವಾದರೂ ಸಮಯ ಕೊಡಬೇಕು, ಕಡಿಮೆಯಿಂದ ಶುರು ಮಾಡಿ ನಿಧಾನವಾಗಿ ಏರಿಸಬೇಕು. ನಾಲ್ಕು ದಿನಕ್ಕೆ ಬಿಟ್ಟರೆ ಏನೂ ಗೊತ್ತಾಗಲ್ಲ. ಹಾಗಂತ ಮನೆಯಲ್ಲೇ ಮತ್ತೆ ಶುರು ಮಾಡಬೇಡಿ, ಕಿಡ್ನಿ ನೋಡಿ ಪ್ರಮಾಣ ಇಡಬೇಕು. ಚರ್ಮ ಮರಗಟ್ಟಿಸುವ ಲಿಡೋಕೇನ್ ಪಟ್ಟಿಯ (ಪ್ಯಾಚ್) ಬಗ್ಗೆಯೂ ಕೇಳಿ, ಗಾಯ ಪೂರ್ತಿ ಮುಚ್ಚಿದ್ದರೆ ಉರಿಯುವ ಜಾಗಕ್ಕೇ ಅಂಟಿಸಬಹುದು.

ಬೇರೆಯವರಿಗೂ ಒಂದು ಮಾತು. ಮಚ್ಚೆ, ಗಂಟು ತೆಗೆಸಿಕೊಂಡವರೂ ‘ಸ್ಟ್ರಾಂಗ್ ಮಾತ್ರೆ ಕೊಡಿ’ ಅಂತ ಕೇಳುತ್ತಾರೆ. 2011ರಲ್ಲಿ ಅಮೆರಿಕದಲ್ಲಿ ತಲೆ, ಕುತ್ತಿಗೆಯ ಚರ್ಮದ ಕ್ಯಾನ್ಸರ್ ತೆಗೆಸಿಕೊಂಡ 210 ಜನರಲ್ಲಿ ಹೋಲಿಸಿ ನೋಡಿದ್ದರು. ಪ್ಯಾರಾಸಿಟಮಾಲ್ ಜೊತೆ ಟ್ರಮಡಾಲ್ ಜಾತಿಯದೇ ಆದ ಕೊಡೀನ್ ಕೊಟ್ಟದ್ದಕ್ಕಿಂತ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಕೊಟ್ಟದ್ದೇ ನೋವು ಚೆನ್ನಾಗಿ ಇಳಿಸಿತ್ತು!

ಹೊಸನಗರದವಳು:
ನಮ್ಮಮ್ಮನ ಕಥೆ ಕೇಳಿ. ಮೊಣಕಾಲು ಆಪರೇಷನ್‌ನಲ್ಲಿ ಉಳಿದಿದ್ದ ಟ್ರಮಡಾಲ್ ಡಬ್ಬಿಯಲ್ಲಿತ್ತು, ಸರ್ಪಸುತ್ತಿಗೆ ತಾವೇ ನುಂಗಿದರು. ಮಲ ಕಟ್ಟಿ ಆರು ದಿನ, ಒಂದು ಬೆಳಗ್ಗೆ ಹಂಡೆಯಿಂದ ನೀರು ತೋಡುವಾಗ ಕಣ್ಣು ಕತ್ತಲೆ ಬಂದು ಬಚ್ಚಲಲ್ಲೇ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಉರಿ ಹೋಗೋಕೆ ನಾಲ್ಕು ತಿಂಗಳು ಹಿಡಿಯಿತು. ಬನಿಯನ್ ಬಿಡಿಸಿ, ಹಳೇ ಪಂಚೆ ತೊಳೆದು ತೊಳೆದು ಮೆತ್ತಗಾಗಿರುತ್ತಲ್ಲ, ಅದನ್ನ ಸುತ್ತಿ. ಬರಿಮೈಗಿಂತ ಅದೇ ವಾಸಿ, ಗಾಳಿ ತಾಗಿದರೂ ಉರಿಯುತ್ತೆ ಅಲ್ವಾ.

ತೋಟದಮನೆ:
ಪಂಚೆ ಸುತ್ತಿದೆ, ಸಂಜೆ ಅರ್ಧ ಗಂಟೆ ಮಲಗಿದರು. ಡಾಕ್ಟರೇ, ಪ್ರಾಸ್ಟೇಟ್‌ಗೆ ಮಾತ್ರೆ ತಗೋತಾರೆ, ತೊಂದರೆ ಇದೆಯಾ?

ಚರ್ಮದ ಡಾಕ್ಟರ್:
ಒಳ್ಳೇದು ಹೇಳಿದಿರಿ. ಅಮಿಟ್ರಿಪ್ಟಿಲಿನ್ ಅವರಿಗೆ ಮೂತ್ರ ಕಟ್ಟಿಸಬಹುದು. ತೋರಿಸಲು ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ರಾತ್ರಿ ಗುಂಡು ಹಾಕುವ ಅಭ್ಯಾಸ ಇದ್ದರೆ ಅದನ್ನೂ ಹೇಳಬೇಕು.

ತೋಟದಮನೆ:
ಗುಂಡು ಇಲ್ಲ, ಎಲೆ ಅಡಿಕೆ ಮಾತ್ರ. ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತೇವೆ.