‘ಎಕ್ಸ್‌ಪೋರ್ಟ್’ಗೆ ಒಂದು ಪದ ಸಾಕಾ, ಎರಡು ಬೇಕಾ? ಎಳೆ, ಹುರಿ, ರವಾನೆ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಮೊಬೈಲಿನಲ್ಲಿ ಹಾಡು ರೆಕಾರ್ಡ್ ಮಾಡಿ ಜೋಡಿಸುವ ಆ್ಯಪ್‌ಗಳಲ್ಲಿ ‘ಎಕ್ಸ್‌ಪೋರ್ಟ್’ ಅಂತ ಒಂದು ಬಟನ್ ಇರುತ್ತದೆ. ಕನ್ನಡ ಮಾಡುವವರು ಇದನ್ನು ‘ರಫ್ತು’ ಅನ್ನುತ್ತಾರೆ. ಸಂಗೀತದ ಕೆಲಸಕ್ಕೆ ಈ ಪದ ಒಗ್ಗುವುದಿಲ್ಲ ಅಂತ ನನಗೆ ಅನ್ನಿಸುತ್ತಿದೆ. ಯಾಕೆ ಅಂತ ಹೇಳಿ, ನನಗೆ ಹೊಳೆದ ಒಂದು ಪದವನ್ನೂ ಮುಂದಿಡುತ್ತೇನೆ. ಅದಕ್ಕೆ ನಿಮ್ಮ ಕಡೆ ಯಾವ ಅರ್ಥ ಇದೆ ಅಂತ ತಿಳಿಯಬೇಕಿದೆ.

ನಾನಿರುವುದು ಶಿಡ್ಲಘಟ್ಟದಲ್ಲಿ. ಭಾನುವಾರ ನಮ್ಮ ಮನೆ ಮಹಡಿ ಮೇಲೆ ಏಳೆಂಟು ಮಕ್ಕಳು ಸೇರುತ್ತಾರೆ. ಅವರವರ ಮನೆಯ ಹಿರಿಯರು ಹಾಡುವ ಪದಗಳನ್ನು ಫೋನಿನಲ್ಲೇ ರೆಕಾರ್ಡ್ ಮಾಡುತ್ತೇವೆ. ಕಂಪ್ಯೂಟರ್ ಇಲ್ಲ. ಒಬ್ಬಿಬ್ಬರ ಹತ್ತಿರ ಹಳೆ ಐಫೋನ್, ಉಳಿದವರದ್ದೆಲ್ಲ ಆಂಡ್ರಾಯ್ಡ್.

ಹೋದ ವರ್ಷ ಪಿಯುಸಿ ಓದುವ ಒಬ್ಬ ಹುಡುಗಿ ಅವರಜ್ಜಿ ಹೇಳುವ ಕೋಲಾಟದ ಪದ ರೆಕಾರ್ಡ್ ಮಾಡಿದ್ದಳು. ಅಜ್ಜಿಯ ದನಿ ಒಂದು, ಸೊಲ್ಲು ಹಿಡಿಯುವ ಇಬ್ಬರ ದನಿ ಎರಡು, ತಾಳ, ಗೆಜ್ಜೆ, ಕೋಲಿನ ಸದ್ದು. ಎಲ್ಲ ಸೇರಿ ಆರು ಟ್ರ್ಯಾಕ್, ಅಂದರೆ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದ ಆರು ಸದ್ದು. ಕೋಲಿನ ಸದ್ದಿಗೇ ಅವಳು ಒಂದು ಮಧ್ಯಾಹ್ನ ಕಳೆದಳು. ಫೋನ್ ಹತ್ತಿರ ಇಟ್ಟರೆ ಸದ್ದು ಒಡೆಯುತ್ತಿತ್ತು, ದೂರ ಇಟ್ಟರೆ ಬೀದಿಯ ಆಟೋ ಸದ್ದು ಸೇರುತ್ತಿತ್ತು. ಕೊನೆಗೆ ಫೋನನ್ನು ಮಡಚಿದ ಕಂಬಳಿ ಮೇಲೆ ಮಲಗಿಸಿ, ನಾಲ್ಕು ಹೆಜ್ಜೆ ಆಚೆ ನಿಂತು ಕೋಲು ಹೊಡೆದಳು. ಸರಿ ಬಂತು.

ಎರಡು ತಿಂಗಳಾದ ಮೇಲೆ ಫೋನ್ ತುಂಬಿತು ಅಂತ ಆ ಆ್ಯಪ್ ತೆಗೆದುಹಾಕಿದಳು. ಮತ್ತೆ ಹಾಕಿಕೊಂಡಾಗ ಒಳಗೆ ಏನೂ ಇರಲಿಲ್ಲ. ನನ್ನ ಹತ್ತಿರ ಬಂದು ಕೇಳಿದ್ದು ಇಷ್ಟೇ: “ಅಕ್ಕಾ, ನಾನು ದಿನಾ ‘ಉಳಿಸಿ’ ಅಂತ ಒತ್ತಿದ್ದೀನಿ. ಉಳಿಸಿದ್ದು ಹೆಂಗೆ ಹೋಗುತ್ತೆ?”

ಆ ಪ್ರಶ್ನೆಗೆ ತಾಂತ್ರಿಕ ಉತ್ತರ ಸುಲಭ. ಇಂಥ ಆ್ಯಪ್‌ಗಳು ಸಾಮಾನ್ಯವಾಗಿ ಕೆಲಸವನ್ನು ಫೋನಿನೊಳಗೆ ತಮಗೆ ಅಂತ ಇರುವ ಜಾಗದಲ್ಲಿ ಇಟ್ಟುಕೊಳ್ಳುತ್ತವೆ. ಆ್ಯಪ್ ತೆಗೆದರೆ ಆ ಜಾಗವೂ ಅಳಿಸಿಹೋಗುತ್ತದೆ. ಆಂಡ್ರಾಯ್ಡ್‌ನಲ್ಲೂ ಹಾಗೇ, ಐಫೋನಿನಲ್ಲೂ ಹಾಗೇ. ಐಫೋನಿನಲ್ಲಿ ‘ಆಫ್‌ಲೋಡ್’ ಅಂತ ಬೇರೆ ದಾರಿ ಇದೆ. ಅದನ್ನು ಆರಿಸಿದರೆ ಆ್ಯಪ್ ಹೋಗಿ, ಒಳಗಿನ ಸರಕು ಉಳಿಯುತ್ತದೆ. ಆದರೆ ಅವಳದ್ದು ಆಂಡ್ರಾಯ್ಡ್. ಹಾಡಿನ ಒಂದು ಪ್ರತಿಯನ್ನಾದರೂ ಆ್ಯಪ್‌ನಿಂದ ಆಚೆ ತಂದು ಇಟ್ಟಿರಬೇಕಿತ್ತು.

ಭಾಷೆಯ ಕಡೆಯಿಂದ ನೋಡಿದರೆ ಉತ್ತರ ಅಷ್ಟು ಸುಲಭ ಇಲ್ಲ. ‘ಉಳಿಸು’ ಅಂದರೆ ನಮಗೆ ಕಾಪಾಡು ಅಂತಲೇ ಅರ್ಥ. ಪ್ರಾಣ ಉಳಿಸು, ದುಡ್ಡು ಉಳಿಸು, ಮಾತು ಉಳಿಸಿಕೋ. ಉಳಿಸಿದ ಮೇಲೆ ಭಯ ಇರಬಾರದು. ಅವಳು ಕನ್ನಡವನ್ನು ಸರಿಯಾಗೇ ಅರ್ಥ ಮಾಡಿಕೊಂಡಿದ್ದಳು. ಅದೇ ನನ್ನನ್ನು ಕಾಡುತ್ತಿರುವುದು.

ಹಾಗಾದರೆ ‘ರಫ್ತು’ ಒತ್ತಬೇಕಿತ್ತು ಅಂತ ಅವಳಿಗೆ ಯಾಕೆ ಹೊಳೆಯಲಿಲ್ಲ? ಕೇಳಿದೆ. “ಅದು ಫಾರಿನ್ನಿಗೆ ಕಳಿಸೋದು ಅಂದ್ಕೊಂಡೆ” ಅಂದಳು. ತಪ್ಪೇನಿಲ್ಲ. ನಮ್ಮ ಜಿಲ್ಲೆಯಲ್ಲಿ ದ್ರಾಕ್ಷಿ ಬೆಳೆಯುವವರ ಬಾಯಲ್ಲಿ ಆ ಪದ ಬರುವುದು ಹಡಗು, ಕಂಟೇನರ್ ಮಾತು ಬಂದಾಗಲೇ.

ಮೂಲ ನೋಡಿದರೆ ಆಮದು, ರಫ್ತು ಎರಡೂ ಬಹಳ ಸಾದಾ ಪದಗಳು. ಎರಡೂ ಪಾರಸಿಯಿಂದ ಬಂದವು. ‘ಆಮದ್’ ಅಂದರೆ ಬಂತು, ‘ರಫ್ತ್’ ಅಂದರೆ ಹೋಯಿತು. ಅಷ್ಟೇ. ಕನ್ನಡಕ್ಕೆ ಬಂದು ನೆಲೆಯಾಗುವ ಹೊತ್ತಿಗೆ ಅವಕ್ಕೆ ಸುಂಕ, ಬಂದರು, ದೇಶದ ಗಡಿ ಎಲ್ಲ ಅಂಟಿಕೊಂಡವು. ನಮ್ಮ ಮಾರುಕಟ್ಟೆಗಳಲ್ಲಿ ಮಾಲು ಬರುವುದಕ್ಕೆ ‘ಆವಕ’ ಅಂತ ಇನ್ನೊಂದು ಪದ ಇದೆ. ಕೋಲಾರದ ಟೊಮೆಟೊ ಮಾರುಕಟ್ಟೆಯ ಸುದ್ದಿಯಲ್ಲಿ “ಇವತ್ತು ಆವಕ ಕಡಿಮೆ, ಬೆಲೆ ಏರಿದೆ” ಅಂತ ಓದಿರುತ್ತೀರಿ. ಒಳಗೆ ಬರುವ ಫೈಲಿಗೆ ಆವಕ ಅನ್ನಬಹುದಾ ಅಂತ ಒಮ್ಮೆ ಯೋಚಿಸಿದೆ. ಅದು ರಾಶಿಗೆ ಹೊಂದುವ ಪದ, ಒಂದು ಫೈಲಿಗೆ ಹೊಂದುವುದಿಲ್ಲ.

ನಮ್ಮ ಕಡೆ ಮನೆಮಾತು ತೆಲುಗು ಇರುವವರು ಜಾಸ್ತಿ. ತೆಲುಗಿನಲ್ಲಿ ಎಗುಮತಿ, ದಿಗುಮತಿ ಅನ್ನುತ್ತಾರೆ. ಒಂದರಲ್ಲಿ ಏರುವ ಭಾವ, ಇನ್ನೊಂದರಲ್ಲಿ ಇಳಿಯುವ ಭಾವ. ಗಾಡಿಗೆ ಮೂಟೆ ಏರಿಸುವುದು, ಗಾಡಿಯಿಂದ ಇಳಿಸುವುದು ಕಣ್ಣಿಗೆ ಕಟ್ಟುತ್ತದೆ. ಕನ್ನಡದಲ್ಲಿ ‘ಏರಿಸು, ಇಳಿಸು’ ಅನ್ನೋಣ ಅಂದರೆ ಅವು ಆಗಲೇ ಅಪ್‌ಲೋಡ್, ಡೌನ್‌ಲೋಡ್‌ಗೆ ಹೋಗಿಬಿಟ್ಟಿವೆ.

ಇಷ್ಟೆಲ್ಲ ಹುಡುಕಿದ ಮೇಲೆ ನನಗೆ ಅನ್ನಿಸಿದ್ದು, ತೊಂದರೆ ಇರುವುದು ಪದದ ಆಯ್ಕೆಯಲ್ಲಿ ಅಲ್ಲ. ‘ಎಕ್ಸ್‌ಪೋರ್ಟ್’ ಅನ್ನುವ ಒಂದೇ ಬಟನ್ನಿನೊಳಗೆ ಎರಡು ಕೆಲಸ ಅಡಗಿವೆ. ಟೊಮೆಟೊ ಕೋಲಾರದಿಂದ ಹೊರಟರೆ ಟೊಮೆಟೊ ಆಗಿಯೇ ಊರು ಸೇರುತ್ತದೆ. ಹಾಡು ಹಾಗಲ್ಲ. ಒಳಗಿರುವುದು ಬೇರೆ, ಹೊರಗೆ ಬರುವುದು ಬೇರೆ.

ಲೆಕ್ಕ ಹಾಕಿ ನೋಡಿ. ಸಾಮಾನ್ಯ ವೇವ್ ಫೈಲಿನಲ್ಲಿ, ಅಂದರೆ ಸದ್ದನ್ನು ಅದುಮದೆ ಇಡುವ ಫೈಲಿನಲ್ಲಿ, ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ನಲ್ಲಿ ಬರೆಯುತ್ತಾರೆ. ಎಡಕ್ಕೊಂದು ಬಲಕ್ಕೊಂದು ಸದ್ದಿರುವ ಸ್ಟೀರಿಯೊ ಆದರೆ ನಿಮಿಷಕ್ಕೆ 10 ಎಂಬಿಗಿಂತ ಸ್ವಲ್ಪ ಜಾಸ್ತಿ. ಒಂದೇ ಸದ್ದಿರುವ ಮೋನೊ ಆದರೆ ಅದರ ಅರ್ಧ. ಆ ಹುಡುಗಿಯ ಹಾಡು ನಾಲ್ಕು ನಿಮಿಷ, ಆರು ಮೋನೊ ಟ್ರ್ಯಾಕ್. ಆ್ಯಪ್‌ನ ಒಳಗೆ ಅದು 120 ಎಂಬಿ ದಾಟುತ್ತದೆ. ಅದನ್ನೇ ಬೆರೆಸಿ 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಮಾಡಿದರೆ ನಾಲ್ಕು ಎಂಬಿಯೂ ಆಗುವುದಿಲ್ಲ. 120 ಹೋಗಿ 4 ಆದದ್ದನ್ನು ನೋಡಿ ನಮ್ಮ ಮಕ್ಕಳು ಎಷ್ಟೋ ಸಲ ಗಾಬರಿಯಾಗಿದ್ದಾರೆ. ಹಾಡು ಕಳೆದುಹೋಗಿಲ್ಲ, ಆರು ಸೇರಿ ಒಂದಾಗಿದೆ, ಅದನ್ನು ಅದುಮಿ ಚಿಕ್ಕದು ಮಾಡಿದ್ದಾರೆ ಅಂತ ಪ್ರತಿ ಸಲ ಹೇಳಬೇಕು.

ಹಾಗಾಗಿ ಮೊದಲ ಕೆಲಸ ಆರನ್ನೂ ಬೆರೆಸಿ ಒಂದು ಮಾಡುವುದು. ಎರಡನೆಯದು ಆ ಒಂದನ್ನು ಆಚೆ ಕಳಿಸುವುದು. ಮೊದಲನೆಯದಕ್ಕೆ ಇಂಗ್ಲಿಷಿನವರಲ್ಲೂ ಒಮ್ಮತ ಇಲ್ಲ. ಕಂಪ್ಯೂಟರಿನಲ್ಲಿ ಹಾಡು ಜೋಡಿಸುವ ಸಾಫ್ಟ್‌ವೇರ್‌ಗಳನ್ನೇ ನೋಡಿ. ಪ್ರೋ ಟೂಲ್ಸ್, ಲಾಜಿಕ್‌ನಲ್ಲಿ ‘ಬೌನ್ಸ್’. ರೀಪರ್‌ನಲ್ಲಿ ‘ರೆಂಡರ್’. ಕ್ಯೂಬೇಸ್‌ನಲ್ಲಿ ‘ಮಿಕ್ಸ್‌ಡೌನ್’. ಬೌನ್ಸ್ ಅನ್ನುವುದು ಟೇಪ್ ಕಾಲದ ಮಾತು. ನಾಲ್ಕೇ ಟ್ರ್ಯಾಕ್ ಇರುವ ಟೇಪ್‌ನಲ್ಲಿ ಮೂರು ತುಂಬಿದ ಮೇಲೆ ಆ ಮೂರನ್ನೂ ಸೇರಿಸಿ ನಾಲ್ಕನೆಯದಕ್ಕೆ ದಾಟಿಸುತ್ತಿದ್ದರು. ಆಗ ಮೂರು ಟ್ರ್ಯಾಕ್ ಮತ್ತೆ ಖಾಲಿ ಸಿಗುತ್ತಿದ್ದವು. ಐಫೋನಿನಲ್ಲಿ ಓಡುವ ಗರಾಜ್‌ಬ್ಯಾಂಡ್ ಆ್ಯಪ್‌ನಲ್ಲಿ ಶೇರ್ ಒತ್ತಿದಾಗ ಹಾಡು ಬೇಕಾ, ರಿಂಗ್‌ಟೋನ್ ಬೇಕಾ, ಪ್ರಾಜೆಕ್ಟ್ ಬೇಕಾ ಅಂತ ಕೇಳುತ್ತದೆ. ಅದು ನನಗೆ ಇಷ್ಟ. ಬೆರೆಸಿ ಕಳಿಸುತ್ತೀರಾ, ಬಿಡಿಯಾಗಿ ಕಳಿಸುತ್ತೀರಾ ಅಂತ ಬಾಯಿಬಿಟ್ಟು ಕೇಳಿದ ಹಾಗೆ.

ಇನ್ನು ನನ್ನ ಪದ. ನಮ್ಮಪ್ಪ ಮೂವತ್ತು ವರ್ಷ ರೇಷ್ಮೆ ನೂಲು ತೆಗೆದವರು. ಚಿಕ್ಕಂದಿನಲ್ಲಿ ಬಿಸಿನೀರಿನ ಬಾಣಲೆ ಮುಂದೆ ಕೂತು ನೋಡಿದ್ದೇನೆ. ಗೂಡು ನೀರಿನಲ್ಲಿ ಬೆಂದು ಅಂಟು ಸಡಿಲ ಆಗುತ್ತದೆ. ಅಪ್ಪ ಬೆರಳ ತುದಿಯಲ್ಲಿ ಎಳೆಯ ಕೊನೆ ಹುಡುಕಿ ಹಿಡಿಯುತ್ತಿದ್ದರು. ಒಂದು ಗೂಡಿನ ಎಳೆ ಬರಿಗಣ್ಣಿಗೆ ಕಾಣುವುದೇ ಕಷ್ಟ. ಎಂಟು ಹತ್ತು ಗೂಡಿನ ಎಳೆ ಕೂಡಿಸಿದರೆ ಒಂದು ನೂಲು. ಒಂದು ಗೂಡು ಮುಗಿದ ಕೂಡಲೇ ಇನ್ನೊಂದರ ಎಳೆಯನ್ನು ತಾಕಿಸುತ್ತಿದ್ದರು, ಅದು ಓಡುತ್ತಿರುವ ನೂಲಿಗೆ ತಾನೇ ಅಂಟಿಕೊಳ್ಳುತ್ತಿತ್ತು. ಆಮೇಲೆ ನೂಲನ್ನು ಮಿಷನ್ನಿಗೆ ಕೊಟ್ಟು ತಿರುಚಿಸುತ್ತಾರೆ. ಅದಕ್ಕೆ ‘ಹುರಿ’ ಮಾಡಿಸುವುದು ಅನ್ನುತ್ತಾರೆ.

ಆದ್ದರಿಂದ ಟ್ರ್ಯಾಕ್ ಅಂದರೆ ಎಳೆ. ಎಲ್ಲ ಎಳೆ ಕೂಡಿಸಿ ಒಂದು ಹಾಡು ಮಾಡುವುದು ಹುರಿ ಮಾಡುವುದು. ಮಕ್ಕಳಿಗೆ ಹೇಳಿ ನೋಡಿದೆ. “ಎಳೆ ಆರೂ ಸರಿ ಇದಾವಾ? ಹಾಗಾದ್ರೆ ಹುರಿ ಮಾಡು, ಆಮೇಲೆ ಕಳಿಸು.” ಎರಡು ವಿವರಣೆ ಬೇಕಾಗಲಿಲ್ಲ. ನಮ್ಮೂರಿನ ಮಕ್ಕಳು, ಅವರ ಮನೆಯಲ್ಲೇ ಆ ಮಾತು ಓಡಾಡುತ್ತದೆ ಅನ್ನುವುದೂ ನಿಜ. ಬೇರೆ ಊರಿನವರಿಗೆ ಹೇಗೆ ಕೇಳಿಸುತ್ತದೆ ಅನ್ನುವುದೇ ನನ್ನ ಮುಖ್ಯ ಪ್ರಶ್ನೆ.

ಕಾರಣ ಇದೆ. ‘ಹುರಿ’ಗೆ ಮೊದಲು ನೆನಪಾಗುವ ಅರ್ಥ ಬಾಣಲೆಯದ್ದು. ರವೆ ಹುರಿ, ಹುರಿಗಡಲೆ. “ಹಾಡು ಹುರಿ” ಅಂದರೆ ಒಲೆ ಮೇಲೆ ಇಟ್ಟ ಹಾಗೆ ಕೇಳಿಸುತ್ತದೆ. “ಹುರಿ ಮಾಡು” ಅಂದರೆ ಆ ಗೊಂದಲ ಇಲ್ಲ, ಅಲ್ವಾ? ಮೀಸೆ ಹುರಿ ಮಾಡಿದ ಅನ್ನುತ್ತೇವೆ. ಹುರಿಹಗ್ಗ, ಹುರಿಗಟ್ಟಿದ ಮೈ ಅನ್ನುತ್ತೇವೆ. ಎಲ್ಲದರಲ್ಲೂ ತಿರುಚಿ ಗಟ್ಟಿಯಾದ ಭಾವ ಇದೆ. ‘ಹುರಿಗೊಳಿಸು’ ಅಂತ ಒಂದೇ ಕ್ರಿಯಾಪದ ಮಾಡಬಹುದಿತ್ತು. ಅದು ಯಾರನ್ನೋ ಜಗಳಕ್ಕೆ ಎಬ್ಬಿಸಿದ ಹಾಗೆ ಇದೆ, ‘ಹುರಿದುಂಬಿಸು’ ಪಕ್ಕದಲ್ಲೇ ಇರುವುದರಿಂದ ಇರಬಹುದು. ನನಗೆ ಹಿಡಿಸಲಿಲ್ಲ.

ಇನ್ನೊಂದು ಆಕ್ಷೇಪ ಅಪ್ಪನದ್ದೇ. “ಹುರಿ ಬಿಚ್ಚಬಹುದಲ್ಲಮ್ಮ” ಅಂದರು. ಬೆರೆಸಿದ ಎಂಪಿ3ಯಿಂದ ಅಜ್ಜಿಯ ದನಿಯನ್ನು ಮೊದಲಿದ್ದ ಹಾಗೆ ಬಿಡಿಸಲು ಆಗುವುದಿಲ್ಲ. ಈಗ ಹಾಡು ಮತ್ತು ವಾದ್ಯ ಬೇರೆ ಮಾಡುವ ಸಾಫ್ಟ್‌ವೇರ್‌ಗಳು ಬಂದಿವೆ, ಆದರೆ ಅವು ಕೊಡುವುದು ಊಹೆ ಮಾಡಿದ ದನಿ. ತಾಳದ ಚೂರು ಅದರಲ್ಲಿ ಸಿಕ್ಕಿಕೊಂಡೇ ಇರುತ್ತದೆ. ಅಪ್ಪನ ಮಾತು ಕೇಳಿದ ಮೇಲೆ ‘ಎರಕ’ ಅಂತ ಇಡೋಣವಾ ಅಂತಲೂ ಯೋಚಿಸಿದೆ. ಎರಕ ಹೊಯ್ದ ಮೇಲೆ ಬಿಡಿಸುವ ಮಾತಿಲ್ಲ. ಅರ್ಥ ಚೆನ್ನಾಗಿ ಹೊಂದುತ್ತದೆ. ಆದರೆ ಎರಕ ಹೊಯ್ಯುವುದನ್ನು ಈ ಮಕ್ಕಳು ಕಂಡೇ ಇಲ್ಲ. ಹುರಿಯೇ ಇರಲಿ, ಆ ದನಿ ಬೇರೆ ಮಾಡುವ ಸಾಫ್ಟ್‌ವೇರಿನ ಕೆಲಸಕ್ಕೆ ‘ಹುರಿ ಬಿಚ್ಚು’ ಅನ್ನೋಣ ಅಂತ ನನ್ನ ಮನಸ್ಸು ವಾಲುತ್ತಿದೆ.

ಎರಡನೆಯ ಕೆಲಸಕ್ಕೆ, ಅಂದರೆ ಆಚೆ ಕಳಿಸುವುದಕ್ಕೆ, ಫೋನುಗಳಲ್ಲಿ ‘ಹಂಚಿಕೊಳ್ಳಿ’ ಅಂತ ಬರುತ್ತದೆ. ಒಂದು ಮಾವಿನಹಣ್ಣು ಹಂಚಿಕೊಂಡರೆ ನನ್ನ ಪಾಲು ಕಡಿಮೆ ಆಗುತ್ತದೆ. ‘ವರ್ಗಾಯಿಸು’ ಇನ್ನೂ ಕಷ್ಟ. ಮೇಷ್ಟ್ರಿಗೆ ವರ್ಗ ಆದರೆ ಅವರು ಇಲ್ಲಿರುವುದಿಲ್ಲ. ಫೈಲು ಕಳಿಸಿದ ಮೇಲೂ ಇಲ್ಲೇ ಇರುತ್ತದೆ ಅನ್ನುವುದು ಪದದಲ್ಲಿ ಬರಬೇಕು. ಒಬ್ಬ ಹುಡುಗ ತಾನಾಗಿಯೇ “ಅಕ್ಕಾ, ಜೆರಾಕ್ಸ್ ಕಳಿಸ್ಲಾ, ಒರಿಜಿನಲ್ಲೇ ಕಳಿಸ್ಲಾ?” ಅಂತ ಕೇಳಿದ. ಅವನು ಕೇಳಿದ್ದು ಬೆರೆಸಿದ ಹಾಡು ಬೇಕಾ, ಪೂರ್ತಿ ಪ್ರಾಜೆಕ್ಟ್ ಬೇಕಾ ಅಂತ. ‘ಪ್ರತಿ ಕಳಿಸು’ ಅಂತ ಬರೆಯಬಹುದಾ? ‘ರವಾನೆ’ ನನಗೆ ಇಷ್ಟದ ಪದ, ಅದರಲ್ಲಿ ದಾರಿ ಹಿಡಿದು ಹೊರಟ ಭಾವ ಇದೆ. ಆದರೆ ಹಿಂದೆ ಏನೂ ಉಳಿದಿಲ್ಲ ಅನ್ನುವ ಹಾಗೂ ಕೇಳಿಸುತ್ತದೆ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಇಂಥ ಕೆಲಸ ಮಾಡುವವರಿಗೆ ಉಪಯೋಗ ಆಗಬಹುದು. ವಾಟ್ಸ್ಆ್ಯಪ್‌ನಲ್ಲಿ ರೆಕಾರ್ಡಿಂಗ್ ಕಳಿಸುವಾಗ ‘ಡಾಕ್ಯುಮೆಂಟ್’ ಅಂತ ಆರಿಸಿ ಕಳಿಸಿ. ಫೈಲು ಇದ್ದ ಹಾಗೇ ಹೋಗುತ್ತದೆ. ಮೈಕ್ ಒತ್ತಿ ಹಾಡಿ ಕಳಿಸಿದರೆ ಅದು ಮಾತಿಗೆ ಅಂತ ಅದುಮಿದ ಸದ್ದು, ಹಾಡಿನ ಎಳೆಯಾಗಿ ಬಳಸಲು ಬರುವುದಿಲ್ಲ.

ಒಂದೇ ತುಣುಕು ಮತ್ತೆ ಮತ್ತೆ ಬರುವ ‘ಲೂಪ್’ಗೆ ನಾವು ‘ಸುತ್ತು’ ಅನ್ನುತ್ತಿದ್ದೇವೆ, ನಡೆಯುತ್ತಿದೆ. ತಮಟೆ ಬಾರಿಸುವವರ ಮನೆಯ ಹುಡುಗ ಮಾತ್ರ ‘ವರಸೆ’ ಅನ್ನುತ್ತಾನೆ. ಸಂಗೀತ ಪಾಠದಲ್ಲಿ ಸರಳೆ ವರಸೆ, ಜಂಟಿ ವರಸೆ ಇರುವುದರಿಂದ ಅದು ಇನ್ನೂ ಚೆಂದ ಇರಬಹುದು.

ನನಗೆ ಬೇಕಾಗಿರುವುದು ಇವು. ನಿಮ್ಮ ಊರಿನಲ್ಲಿ, ಮುಖ್ಯವಾಗಿ ಮಗ್ಗ ಇರುವ ದೊಡ್ಡಬಳ್ಳಾಪುರ, ಇಳಕಲ್ಲು, ಮೊಳಕಾಲ್ಮೂರು ಕಡೆಯವರು, ‘ಹುರಿ’ಯನ್ನು ಇದೇ ಅರ್ಥದಲ್ಲಿ ಬಳಸುತ್ತೀರಾ? ತಿರುಚದೆ ಸುಮ್ನೆ ಎಳೆ ಕೂಡಿಸುವುದಕ್ಕೆ ಬೇರೆ ಪದ ಇದೆಯಾ? ಕರಾವಳಿ, ಮಲೆನಾಡಿನವರಿಗೆ “ಹಾಡು ಹುರಿ ಮಾಡಿ” ಅಂದರೆ ಏನು ಅನ್ನಿಸುತ್ತದೆ? ‘ಉಳಿಸು’ ಬದಲು ‘ಇಲ್ಲೇ ಇಡು’ ಅಂತ ಬರೆದರೆ ಒಪ್ಪುತ್ತೀರಾ?

ಆ ಅಜ್ಜಿ ಕೋಲಾಟದ ಪದವನ್ನು ಮತ್ತೆ ಹೇಳಿಕೊಟ್ಟರು. ಎರಡು ನುಡಿ ನೆನಪಾಗಲಿಲ್ಲ. ಈ ಸಲ ಹುಡುಗಿ ಹುರಿ ಮಾಡಿದ ಪ್ರತಿಯನ್ನೂ ಆರು ಎಳೆಗಳನ್ನೂ ಮೆಮೊರಿ ಕಾರ್ಡಿಗೆ ಹಾಕಿ, ಅದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿದ್ದಾಳೆ. ಬರುವ ಭಾನುವಾರ ಮಹಡಿಯ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಬೇಕು, ಯಾವ ಬಟನ್ ಏನು ಮಾಡುತ್ತದೆ ಅಂತ ಕನ್ನಡದಲ್ಲಿ. ‘ಎಳೆ’ ಬರೆದಾಗಿದೆ. ‘ಹುರಿ ಮಾಡು’ ಮತ್ತು ‘ಪ್ರತಿ ಕಳಿಸು’ ಇರುವ ಜಾಗ ಇನ್ನೂ ಪೆನ್ಸಿಲ್ಲಿನಲ್ಲೇ ಇದೆ. ನಿಮ್ಮ ಉತ್ತರ ನೋಡಿ ಇಂಕಿನಲ್ಲಿ ಬರೆಯುತ್ತೇನೆ.