ಗೋಡೆಯೇ ಉಳಿಯದ ಕಡೆ ಮನೆಯಿತ್ತೆಂದು ತಿಳಿಯುವುದು ಹೇಗೆ?

ಪ್ರಶ್ನೆ (ಉಡುಪಿಯಿಂದ):
ಕಬ್ಬಿಣ ಯುಗದಿಂದ ರೋಮನ್ ಆಳ್ವಿಕೆಯವರೆಗೆ ಜನವಸತಿಯಿದ್ದ ಇಂಗ್ಲೆಂಡಿನ ಹಳ್ಳಿಯೊಂದರ ಉತ್ಖನನ ವರದಿಯನ್ನು ಓದುತ್ತಿದ್ದೇನೆ. ಚಿತ್ರಗಳಲ್ಲಿ ಕಪ್ಪು ಮಣ್ಣಿನ ಚುಕ್ಕೆಗಳು, ಕೆಲವು ಆಳವಾದ ಗುಂಡಿಗಳು, ಬಳೆಯಾಕಾರದ ಒಂದು ಕಾಲುವೆ, ಇಷ್ಟೇ ಕಾಣುತ್ತವೆ. ಪಂಚಾಂಗದ ಕಲ್ಲೂ ಇಲ್ಲ. ಇದು ಮನೆಯೆಂದೂ ಇಂಥ ಕಾಲದ್ದೆಂದೂ ಹೇಗೆ ನಿರ್ಧರಿಸುತ್ತಾರೆ?

ಉತ್ತರ 1 (ಮಂಗಳೂರಿನಿಂದ):
ಮದುವೆಯ ಚಪ್ಪರಕ್ಕೆಂದು ಅಂಗಳದಲ್ಲಿ ನೆಟ್ಟ ಅಡಿಕೆ ಮರದ ಕಂಬವನ್ನು ಕಿತ್ತ ಮೇಲೆ ಆ ಕುಳಿಗೆ ಮೇಲ್ಮಣ್ಣು ತುಂಬಿಕೊಳ್ಳುತ್ತದೆ. ವರ್ಷಗಳ ನಂತರ ಅಲ್ಲಿಯೇ ಹಾರೆ ಹಾಕಿದರೂ ಸುತ್ತಲಿನ ಗಟ್ಟಿ ನೆಲಕ್ಕಿಂತ ಸಡಿಲವಾದ, ಬಣ್ಣ ಬೇರೆಯಾದ ಮಣ್ಣು ಮೇಲೆ ಬರುತ್ತದೆ. ನೀವು ಕಂಡ ಚುಕ್ಕೆಗಳು ಅಂಥ ಕಂಬದ ಕುಳಿಗಳು. ಬಳೆಯಾಕಾರದ ಕಾಲುವೆ ಹೆಚ್ಚಾಗಿ ದುಂಡು ಮನೆಯ ಸೂರಿನ ನೀರು ಹರಿಯುವ ಜಾಗ. ಅದು ಒಂದು ಕಡೆ ತುಂಡಾಗಿದ್ದರೆ ಬಾಗಿಲು ಅಲ್ಲಿತ್ತು ಎಂದರ್ಥ. ಬ್ರಿಟನ್ನಿನ ಇಂಥ ಮನೆಗಳಲ್ಲಿ ಬಹುಪಾಲು ಪೂರ್ವಕ್ಕೋ ಆಗ್ನೇಯಕ್ಕೋ ಮುಖ ಮಾಡಿವೆ.

ಉತ್ತರ 2 (ಮಣಿಪಾಲದಿಂದ, ಹುಟ್ಟೂರು ಬಯಲುಸೀಮೆ):
ಆಳವಾದ ಗುಂಡಿಗಳನ್ನು ಹಿಂದೆ ವಿದ್ವಾಂಸರು ಜನರು ವಾಸಿಸುತ್ತಿದ್ದ ನೆಲಮನೆಗಳೆಂದೇ ನಂಬಿದ್ದರು. 1938–39ರಲ್ಲಿ ಇಂಗ್ಲೆಂಡಿನ ಲಿಟಲ್ ವುಡ್‌ಬರಿ ಎಂಬ ಕಬ್ಬಿಣ ಯುಗದ ನೆಲೆಯನ್ನು ಅಗೆದ ಗೆರ್ಹಾರ್ಡ್ ಬೆರ್ಸು ಅವು ಧಾನ್ಯದ ಗುಂಡಿಗಳೆಂದು ತೋರಿಸಿದರು. ನಮ್ಮೂರಿನ ಯಾವ ಅಜ್ಜನನ್ನು ಕೇಳಿದ್ದರೂ ಹಗೇವು ಎಂದು ಒಂದೇ ಮಾತಿನಲ್ಲಿ ಹೇಳುತ್ತಿದ್ದರು! ಮುಂದೆ ಬಟ್ಸರ್ ಪ್ರಯೋಗ ತೋಟದಲ್ಲಿ ಪೀಟರ್ ರೆನಾಲ್ಡ್ಸ್ ಇಂಥ ಗುಂಡಿಗಳಲ್ಲಿ ಧಾನ್ಯ ತುಂಬಿ ಪರೀಕ್ಷಿಸಿದರು: ಅಂಚಿನ ಕಾಳು ಮೊಳೆತು ಒಳಗಿನ ಆಮ್ಲಜನಕವನ್ನು ಮುಗಿಸಿ ಇಂಗಾಲದ ಡೈಆಕ್ಸೈಡನ್ನು ತುಂಬಿದ ಮೇಲೆ ಉಳಿದದ್ದು ಕೆಡದೆ, ಬಿತ್ತನೆಗೂ ಯೋಗ್ಯವಾಗಿ ಉಳಿಯಿತು. ಹಗೇವು ತೆರೆದ ಕೂಡಲೇ ಒಳಗೆ ಇಳಿಯಬಾರದೆಂಬ ಎಚ್ಚರಿಕೆಗೂ ಆ ಅನಿಲವೇ ಕಾರಣ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿಯಲ್ಲಿ ಮಾತ್ರ ನೆಲದೊಳಗೆ ಭತ್ತ ಇಡುವ ಮಾತೇ ಇಲ್ಲ; ಇಲ್ಲಿಯವರು ನೆಲದ ಮೇಲೆ ಭತ್ತ ತುಂಬಿಡುವ ಹುಲ್ಲಿನ ತಿರಿ ಕಟ್ಟಿದರು.

ಉತ್ತರ 3 (ಮಂಗಳೂರಿನಿಂದ):
ಕಾಲದ ವಿಷಯ. ಒಂದು ಕಾಲುವೆ ಇನ್ನೊಂದನ್ನು ಕಡಿದು ಸಾಗಿದ್ದರೆ, ಕಡಿದದ್ದು ನಂತರದ್ದು. ಅದರೊಳಗಿನ ಮಡಕೆ ಚೂರುಗಳಲ್ಲಿ ಗಾಲ್ ಪ್ರಾಂತ್ಯದ (ಇಂದಿನ ಫ್ರಾನ್ಸ್ ಕಡೆಯ) ಹೊಳಪಿನ ಕೆಂಪು ಪಾತ್ರೆಗಳು ಹೇರಳವಾಗಿದ್ದರೆ ಅದು ಸಾಮಾನ್ಯವಾಗಿ ಕ್ರಿ.ಶ. 43ರ ರೋಮನ್ ದಾಳಿಯ ನಂತರದ ಪದರ. ಆದರೆ ರೋಮನ್ನರು ಬಂದ ಮಾತ್ರಕ್ಕೆ ರೈತರು ಮನೆ ಬದಲಿಸಲಿಲ್ಲ. ದುಂಡು ಮನೆಗಳು ಎಷ್ಟೋ ಕಡೆ ಮುಂದುವರಿದವು. ಹಾಗೆಯೇ ನಾಣ್ಯವೊಂದನ್ನೇ ನಂಬಬಾರದು, ಏಕೆಂದರೆ ಹಳೆಯ ನಾಣ್ಯ ಹೊಸ ಗುಂಡಿಗೂ ಬೀಳಬಹುದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದೆ. ಅದು ವ್ಯಾಪಾರದ ಗುರುತೇ ಹೊರತು ಆಳ್ವಿಕೆಯದಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ನಕ್ಷೆಯನ್ನು ಮತ್ತೆ ನೋಡಿದೆ. ಕಾಲುವೆ ಆಗ್ನೇಯ ದಿಕ್ಕಿನಲ್ಲಿಯೇ ತುಂಡಾಗಿದೆ.